ಐವತ್ತೆರಡನೇ ದಿನದ ನಡಿಗೆ

ಯಾವ ಲಿಫ್ಟಿಗೆ ಎಷ್ಟು ಬೋಲ್ಟು ಎಂಬುದೆಲ್ಲ ಆ ಲಿಫ್ಟ್ ಮೆಕ್ಯಾನಿಕ್‌ಗೆ ನೆನಪಿದೆ. ನನ್ನ ಟೈಲರಿಂಗ್ ಅಂಗಡಿಯ ಮೆಟ್ಟಿಲ ಮೇಲೆ ಕೂತು "ನನ್ನ ಮದುವೆಯಾಗ್ತೀಯಾ" ಎಂದು ಕೇಳಿದ್ದು ಮಾತ್ರ ನೆನಪಿಲ್ಲ. ಏಣಿಯಿಂದ ಬಿದ್ದು ತಲೆಗೆ ಪೆಟ್ಟಾದಾಗ ಅವನಿಗೆ ಮರೆತುಹೋದದ್ದು ಬರೀ ಐದು ತಿಂಗಳು. ನನ್ನ ಗ್ರಹಚಾರ, ನಾನು ಇದ್ದದ್ದು ಆ ಐದು ತಿಂಗಳಲ್ಲೇ.

ನಮ್ಮ ವಿಷಯ ಯಾರಿಗೂ ತಿಳಿದಿರಲಿಲ್ಲ. ನನ್ನಲ್ಲೇ ಬಟ್ಟೆ ಹೊಲಿಸುವ ಅವನ ಅಕ್ಕ ಒಂದು ದಿನ ಅಂಗಡಿಗೆ ಬಂದರು.

"ನನ್ನ ತಮ್ಮ ದಿನಾ ನಲವತ್ತು ನಿಮಿಷ ಬಿರುಸಾಗಿ ನಡೀಬೇಕಂತಮ್ಮ. ನೆನಪಿನ ಶಕ್ತಿ ಹೆಚ್ಚುತ್ತಂತೆ. ನನ್ನ ಮಂಡಿ ಕೈಕೊಟ್ಟಿದೆ, ನೀನು ಜೊತೆಗೆ ಹೋಗ್ತೀಯಾ?"

ಹುಟ್ಟಿದಾಗಿನಿಂದ ವಾಕಿಂಗ್ ಹೋದವಳಲ್ಲ ನಾನು. ಆದರೂ ಒಪ್ಪಿದೆ. ನಾನಾಗಿ ಬಾಯಿ ಬಿಡಬಾರದು, ಅವನಿಗೇ ನೆನಪಾಗಬೇಕು ಎಂಬುದು ನನ್ನ ಹಟ. ಹೇಳಿಕೊಟ್ಟು ಬರಿಸುವ ಪ್ರೀತಿ ಯಾರಿಗೆ ಬೇಕು?

ಪಾರ್ಕು ಸುತ್ತಿ ಸುತ್ತಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು.

"ಏನಾದ್ರೂ ನೆನಪಾಯ್ತಾ?"

"ಆಯ್ತು ಮೇಡಂ. ಮೂರನೇ ಬೀದಿ ಲಿಫ್ಟಿಗೆ ಗ್ರೀಸ್ ಹಾಕಿಲ್ಲ."

ಮೇಡಂ ಅಂತೆ. ಹಲ್ಲು ಕಚ್ಚಿಕೊಂಡು ಇನ್ನೊಂದು ಸುತ್ತು ಹಾಕಿದೆ.

ಐವತ್ತೆರಡನೇ ದಿನ ತಾಳ್ಮೆ ಕೆಟ್ಟಿತು. ಬೆಂಚಿನ ಮೇಲೆ ದೊಪ್ಪನೆ ಕೂತೆ.

"ನಾಳೆಯಿಂದ ನಾನು ಬರಲ್ಲ. ಎಷ್ಟು ನಡೆದ್ರೂ ಆ ಐದು ತಿಂಗಳು ನಿಮಗೆ ವಾಪಸ್ ಬರಲ್ಲ."

"ಡಾಕ್ಟ್ರು ನನಗೆ ಮೊದಲೇ ಹೇಳಿದ್ರು. ನಡೆದ್ರೆ ಇನ್ಮುಂದೆ ಆಗೋದು ಚೆನ್ನಾಗಿ ನೆನಪಿರುತ್ತೆ, ಹೋಗಿದ್ದು ಹೋಯ್ತು ಅಂತ."

ನನಗೆ ಮೈಯೆಲ್ಲ ಉರಿಯಿತು. "ಅದನ್ನ ಈಗ ಹೇಳ್ತಿದೀರಾ?"

"ಮೊದಲೇ ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರೇನೋ ಅನ್ನಿಸ್ತು." ಓರೆಗಣ್ಣಿನಿಂದ ನನ್ನನ್ನು ನೋಡಿ, ನೋಡೇ ಇಲ್ಲವೆಂಬಂತೆ ಶೂ ಲೇಸು ಬಿಗಿದ. "ಎರಡನೇ ದಿನ ನಿಮ್ಮ ಚಪ್ಪಲಿ ಕಿತ್ತುಹೋಯ್ತು. ಬರಿಗಾಲಲ್ಲಿ ನಡೆದು, ನೋವೇ ಇಲ್ಲ ಅಂದ್ರಿ. ಹದಿನೇಳನೇ ದಿನ ನನ್ನ ಮೇಲಿನ ಸಿಟ್ಟಿಗೆ ಬೆಕ್ಕಿಗೆ ಬೈದ್ರಿ. ಮೂವತ್ತನೇ ದಿನ ನಿಮಗೆ ಜ್ವರ, ನಾನು ಅರ್ಧ ಸುತ್ತಿಗೇ ಮನೆಗೆ ಹೋದೆ. ಒಂದು ದಿನಾನೂ ಮರೆತಿಲ್ಲ."

ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಅತ್ತರೆ ಗೆದ್ದುಬಿಡುತ್ತಾನೆಂದು ಮುಖ ತಿರುಗಿಸಿದೆ.

"ಒಂದು ಮಾತು ಕೇಳ್ಬೇಕಿತ್ತು," ಎಂದ. ಬಿಗಿದ ಲೇಸನ್ನೇ ಮತ್ತೆ ಬಿಚ್ಚಿದ. "ಜೀವನದಲ್ಲಿ ಯಾರನ್ನೂ ಹೀಗೆ ಕೇಳಿದವನಲ್ಲ. ತಪ್ಪಾದ್ರೆ ಬೇಜಾರು ಮಾಡ್ಕೋಬೇಡಿ."

ಹಿಂದಿನ ಸಲ ಬಿಂಕ ಮಾಡಿ ಎರಡು ದಿನ ಕಾಯಿಸಿದ್ದೆ. ಈ ಸಲ ಅವನು ಕೇಳಿ ಮುಗಿಸುವ ಮೊದಲೇ ಹೂಂ ಎಂದೆ.