ಅಮಾವಾಸ್ಯೆಗೆ ಮೊದಲೇ ಹೊರಟ ಲಾರಿ

ಸೆಪ್ಟೆಂಬರ್ ಹದಿನಾರು, ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಭಾಲ್ಕಿ ಠಾಣೆಗೆ ಬಂದ ಫಿರ್ಯಾದಿ ಮೊದಲು ಕೇಳಿದ್ದು ಚಹಾ. ಆಮೇಲೆ ಬಿಸ್ಕತ್ತು. ಅದಾದ ಮೇಲೆ ನ್ಯಾಯ.

ಇನ್‌ಸ್ಪೆಕ್ಟರ್ ಅಬ್ದುಲ ಸಮದ ಮೊದಲೆರಡನ್ನು ತರಿಸಿಕೊಟ್ಟು ಮೂರನೆಯದಕ್ಕೆ ಪೆನ್ನು ತೆಗೆದರು. ಫಿರ್ಯಾದಿ ಭಾಲಚಂದ್ರ ಊರಿಗೆಲ್ಲ ಗೊತ್ತಿದ್ದವರು. ಗಂಜ್ ಮಾರುಕಟ್ಟೆಯಲ್ಲಿ ಬೀಜ-ಗೊಬ್ಬರದ ದೊಡ್ಡ ಅಂಗಡಿ, ಬರಲಿರುವ ಪುರಸಭೆ ಚುನಾವಣೆಯ ಮೇಲೆ ಒಂದು ಕಣ್ಣು, ಸದ್ಯಕ್ಕೆ ನೆರೆ ಸಹಾಯ ಸಮಿತಿಯ ಅಧ್ಯಕ್ಷಗಿರಿ. ಮಾಂಜರಾ ನದಿ ಉಕ್ಕಿ ಔರಾದ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿದಾಗ ಓಣಿ ಓಣಿ ತಿರುಗಿ ಸಾಮಾನು ಕೂಡಿಸಿದ್ದರು. ಆ ಸಾಮಾನು ತುಂಬಿ ಗಂಜಿನಲ್ಲಿ ನಿಲ್ಲಿಸಿದ್ದ ಲಾರಿ ಬೆಳಗಾಗುವುದರೊಳಗೆ ಮಾಯವಾಗಿತ್ತು. ಚಾಲಕ ನಬೀಸಾಬನ ಫೋನು ಸ್ವಿಚ್ ಆಫ್.

"ಲಾರಿಯಾಗ ಏನೇನ ಇತ್ತರಿ?" ಸಮದ ಕೇಳಿದರು.

"ಅಕ್ಕಿ, ಬ್ಯಾಳಿ, ಕಂಬಳಿ, ಸೀರಿ. ಮತ್ತ ನಮ್ಮ ಓಣಿ ಹೆಣ್ಮಕ್ಕಳು ಬಡದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಿಂಡಿ."

"ತುಂಬಿದ್ದು ಯಾವಾಗ?"

"ಹೋದ ಮಂಗಳವಾರ."

ಸಮದರ ಪೆನ್ನು ನಿಂತಿತು. "ಒಂದು ವಾರ ಆಯ್ತು. ಯಾಕ ಕಳಸಿಲ್ಲರಿ?"

"ಪಿತೃಪಕ್ಷ ನಡದದಲ್ಲರಿ ಸಾಹೇಬ್ರ. ಹಿರೇರಿಗಿ ಎಡಿ ಹಿಡಿಯೋ ದಿನದಾಗ ಯಾರರೆ ಹಸಿರು ನಿಶಾನಿ ತೋರಸ್ತಾರೇನು? ಅಮಾಸಿ ಆದಮ್ಯಾಲ, ನವರಾತ್ರಿ ಘಟ ಕೂಡೋ ದಿನ, ಸೋಮವಾರ ಕಾರ್ಯಕ್ರಮ ಇಟ್ಟೀವಿ. ಬೀದರದಿಂದ ಸಾಹೇಬ್ರು ಬರವರು. ಬ್ಯಾನರ್ ಸೈತ ಆಗ್ಯಾದ."

"ನೆರಿಗಿ ಸಿಕ್ಕ ಮಂದಿಗಿ ಇದು ಗೊತ್ತದೇನು?"

"ಅವರಿಗ್ಯಾಕ ಗೊತ್ತಿರಬೇಕ್ರಿ?" ಎಂದು ಭಾಲಚಂದ್ರ ಇನ್ನೊಂದು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು.

ಸಮದರಿಗೆ ಸಿಟ್ಟು ನೆತ್ತಿಗೇರಿತು. ಕಾರಣವಿತ್ತು. ನೀರು ಏರಿದ ದಿನ ದೋಣಿ ಡ್ಯೂಟಿಗೆಂದು ಅವರನ್ನು ನದಿ ದಂಡೆಯ ದೇವಣವಾಡಿಗೆ ಕಳಿಸಿದ್ದರು. ಆ ಊರಿನ ಮಂದಿಯೆಲ್ಲ ಶಾಲೆಯ ಎರಡು ಕೋಣೆಯಲ್ಲಿ ಕೂತು ಚುರುಮುರಿ ಮುಕ್ಕುತ್ತಿದ್ದರು. ಅವರೆದುರು ನಿಂತು, "ಭಾಲ್ಕಿಯಿಂದ ಲಾರಿ ಬರ್ತದ, ನನ್ನ ಮಾತು ನಂಬ್ರಿ" ಎಂದು ಹೇಳಿ ಬಂದವರು ಇವರೇ. ಹೆಂಡತಿ ಖುರ್ಷಿದ ಬೇಗಂ ಪೆಟ್ಟಿಗೆಯಲ್ಲಿಟ್ಟಿದ್ದ ಹೊಸ ಕಂಬಳಿ ಎರಡನ್ನು ತೆಗೆದು ಅದೇ ಲಾರಿಗೆ ಹಾಕಿಸಿದ್ದರು. ಅಂದಿನಿಂದ ದೇವಣವಾಡಿಯ ಜಿಜಾಬಾಯಿ ಎಂಬ ಮುದುಕಿ ಯಾರದೋ ಫೋನಿನಿಂದ ದಿನಾ ಸಂಜೆ, "ಲಾರಿ ಎಲ್ಲಿ ತನಕ ಬಂತ್ರಿ ಸಾಹೇಬ್ರ?" ಎಂದು ಕೇಳುತ್ತಿದ್ದಳು. ಸಮಿತಿಯವರನ್ನು ಕೇಳಿದರೆ ಇವತ್ತು, ನಾಳೆ ಎನ್ನುತ್ತಿದ್ದರು. ಈಗ ನೋಡಿದರೆ ಲಾರಿಯೇ ಇಲ್ಲ. ಕೊಟ್ಟ ಮಾತು ಉಳಿಯಬೇಕಾದರೆ ಸಾಮಾನು ಯಾರ ಗೋದಾಮಿಗೂ ಸೇರುವ ಮೊದಲು ಸಿಗಬೇಕಿತ್ತು.

ಕಳವು ಎಂದು ಕಲಂ 303(2)ರಡಿ ಎಫ್‌ಐಆರ್ ದಾಖಲಾಯಿತು. "ಕಳ್ಳ ಯಾರೇ ಇರಲಿ, ಬೇಡಿ ಹಾಕಿ ತರಬೇಕು" ಎಂದು ಭಾಲಚಂದ್ರ ಸಹಿ ಮಾಡುವಾಗ ಒತ್ತಿ ಹೇಳಿದರು. ಅದನ್ನೇ ಹೊರಗೆ ನಿಂತ ಪತ್ರಿಕೆಯವರಿಗೂ ಹೇಳಿದರು.

ಹತ್ತು ಗಂಟೆಗೆ ಗಂಜಿನಲ್ಲಿ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ, ಎಳೆದಾಟದ ಗುರುತಿರಲಿಲ್ಲ. ಸಿಕ್ಕಿದ್ದು ಒಂದೇ ವಸ್ತು, ಲಾರಿಗೆ ಕಟ್ಟಿದ್ದ ಬ್ಯಾನರ್. ಅದನ್ನು ಬಿಚ್ಚಿ, ನೀಟಾಗಿ ಮಡಚಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಹೇರಿ ಇಟ್ಟಿದ್ದರು. ಮಡಿಕೆಯ ಹೊರಗೆ ಅಧ್ಯಕ್ಷರ ಮೂಗು ಮತ್ತು ಅರ್ಧ ಮೀಸೆ ಮಾತ್ರ ಕಾಣುತ್ತಿತ್ತು.

ಕಾನ್‌ಸ್ಟೆಬಲ್ ಅನೀಲಕುಮಾರ ಕೂತು ಪರೀಕ್ಷಿಸಿದ. "ಸಾಹೇಬ್ರ, ಸೀರಿ ಮಡಚಿದಂಗ ಮಡಚ್ಯಾರರಿ."

"ಕಳ್ಳರಿಗಿ ಇಷ್ಟು ಪುರಸೊತ್ತು ಎಲ್ಲಿಂದ ಬಂತು?"

"ಮನಿಯವರು ಛಲೋ ಸಂಸ್ಕಾರ ಕೊಟ್ಟಿರಬೇಕ್ರಿ."

ಸಂಸ್ಕಾರದ ಮಾತನ್ನು ಪಂಚನಾಮೆಯಲ್ಲಿ ಬರೆಯಲು ಬರುವುದಿಲ್ಲ. 'ಬ್ಯಾನರ್ ಮಡಚಿದ ಸ್ಥಿತಿಯಲ್ಲಿ' ಎಂದಷ್ಟೇ ಬರೆದು ಪಂಚರ ಸಹಿ ಪಡೆದರು.

ಭಾಲಚಂದ್ರರ ಅನುಮಾನವೆಲ್ಲ ಬೀದರದ ಮಕರಂದನ ಮೇಲೆ. ಮಕರಂದ ಅಲ್ಲಿ ಇನ್ನೊಂದು ಸಹಾಯ ಸಮಿತಿಯ ಅಧ್ಯಕ್ಷ. ಹತ್ತು ವರ್ಷದಿಂದ ಇಬ್ಬರಿಗೂ ಹಾವು-ಮುಂಗುಸಿ ನಂಟು. ಮಧ್ಯಾಹ್ನ ಸಮದ ಬೀದರಕ್ಕೆ ಹೋದರು. ಮಕರಂದನ ಲಾರಿ ಅವನ ಮನೆಯ ಮುಂದೆಯೇ ತಾಡಪತ್ರಿ ಹೊದ್ದು ನಿಂತಿತ್ತು. ಬ್ಯಾನರ್ ಭಾಲ್ಕಿಯದಕ್ಕಿಂತ ಒಂದು ಮೊಳ ಉದ್ದ.

"ಭಾಲ್ಕಿ ಲಾರಿ ನೀವು ನೋಡೀರೇನು?"

"ನಾ ಯಾಕ ನೋಡ್ಲಿರಿ? ನಮ್ಮ ಲಾರಿ ನೋಡ್ರಿ. ತುಂಬಿ ನಿಲ್ಲಿಸಿದ ದಿನದಿಂದ ಒಂದು ಗೇಣು ಅಲುಗಿಲ್ಲ. ಸೋಮವಾರ ನಿಶಾನಿ ತೋರಿಸಿದ ಮ್ಯಾಲೇ ಹೊಂಡೂದು." ಅವನ ದನಿಯಲ್ಲಿ ಅಭಿಮಾನ ತುಂಬಿ ತುಳುಕುತ್ತಿತ್ತು. ಸಮದ ಜೀಪು ಹತ್ತಿದರು. ಹೇಳಲು ಬಾಯಿಗೆ ಬಂದದ್ದು ಸಮವಸ್ತ್ರ ತೊಟ್ಟವರು ಹೇಳುವಂಥದ್ದಾಗಿರಲಿಲ್ಲ.

ಅಂದು ಸಂಜೆ ಜಿಜಾಬಾಯಿಯ ಫೋನು ಬರಲಿಲ್ಲ. ಮುದುಕಿ ತನ್ನ ಮೇಲಿನ ಭರವಸೆ ಬಿಟ್ಟಳು ಎಂದುಕೊಂಡ ಸಮದರಿಗೆ ಊಟ ಸೇರಲಿಲ್ಲ.

ಬುಧವಾರ ಅನೀಲಕುಮಾರ ಒಂಬತ್ತಾದ ಮೇಲೆ ಬೆವರು ಒರೆಸಿಕೊಳ್ಳುತ್ತ ಠಾಣೆಗೆ ಬಂದ. ಖಟಕ ಚಿಂಚೋಳಿಯಿಂದ ಬರುವ ಬಸ್ಸು ತಡವಾಗಿತ್ತು.

"ಹೊಸಾ ಬೈಕ್ ತಗೊಂಡೀನಿ ಅಂದಿದ್ದೆಲ್ಲ, ಎಲ್ಲದ?"

"ರೊಕ್ಕ ಕಟ್ಟೀನ್ರಿ. ಶೋರೂಮಿನಾಗೇ ಅದ. ಪಕ್ಷದಾಗ ಹೊಸಾದು ಮನಿಗಿ ತರಬಾರದು ಅಂತಾಳ್ರಿ ನಮ್ಮವ್ವ."

ರೊಟ್ಟಿ ಕೊಟ್ಟ ಓಣಿಯವರ ಹೇಳಿಕೆ ಪಡೆಯಲು ಇಬ್ಬರೂ ಹೊರಟರು. ಮೊದಲನೆಯ ಮನೆಯಲ್ಲಿ ನಿವೃತ್ತ ಗುಮಾಸ್ತರೊಬ್ಬರು ಉಪ್ಪಿಟ್ಟಿನ ತಳ ಹತ್ತಿಸಿ ಹೊಗೆಯ ನಡುವೆ ಕೆಮ್ಮುತ್ತಿದ್ದರು. ಎರಡನೆಯ ಮನೆಯ ಯಜಮಾನ ಸಕ್ಕರೆ ಡಬ್ಬಿ ಸಿಗದೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿ ನಡುವೆ ಕೂತಿದ್ದ. ಮೂರನೆಯ ಮನೆಗೆ ಬೀಗ. ಆ ಮನೆಯ ಗಂಡಸರು ಹೋಟೆಲಿನಲ್ಲಿ ಸಾಲಾಗಿ ಇಡ್ಲಿ ತಿನ್ನುತ್ತಿದ್ದರು.

"ಹೆಣ್ಮಕ್ಕಳೆಲ್ಲಾ ಎಲ್ಲಿಗಿ ಹೋಗ್ಯಾರರಿ?" ಎಂದು ಸಮದ ಗುಮಾಸ್ತರನ್ನು ಕೇಳಿದರು.

"ಲಗ್ನಕ್ಕರಿ. ಕಮಲನಗರಕ್ಕ. ನಿನ್ನಿ ನಸುಕಿನಾಗ ಹೋಗ್ಯಾರ."

"ಯಾರ ಲಗ್ನ?"

ಗುಮಾಸ್ತರು ಸೌಟು ಹಿಡಿದು ಯೋಚಿಸಿದರು. "ಕೇಳಿಲ್ಲ ನೋಡ್ರಿ."

ಹೋಟೆಲಿನವರೂ ಲಗ್ನ ಎಂದರು, ಡಬ್ಬಿಯವನೂ ಲಗ್ನ ಎಂದ. ಭಾಲಚಂದ್ರರ ಮನೆಯಿಂದಲೂ ತಾಯಿ ಅಂಬೂಬಾಯಿ ಮತ್ತು ಹೆಂಡತಿ ವರದಾ ಅದೇ ಲಗ್ನಕ್ಕೆ ಹೋಗಿದ್ದರು. ಹಿಂದಿನ ದಿನದ ಬಿಸ್ಕತ್ತಿನ ಹಸಿವು ಎಲ್ಲಿಂದ ಬಂತೆಂದು ಸಮದರಿಗೆ ಅರ್ಥವಾಯಿತು. ಓಣಿಯ ನಡುವೆ ನಿಂತು ಅವರು ಕಾನ್‌ಸ್ಟೆಬಲನತ್ತ ತಿರುಗಿದರು.

"ಅನೀಲ, ಬೈಕ್ ತರಬಾರದ ದಿನದಾಗ ಸೊಸಿ ತರ್ತಾರೇನು?"

ಮದುವೆ ಇರಲಿ, ಮದುವೆಯ ಮಾತೂ ಆಡದ ಹದಿನೈದು ದಿನ ಇವು. ಓಣಿಯ ಗಂಡಸರೆಲ್ಲ ಹುಟ್ಟಿದಾಗಿನಿಂದ ಬಲ್ಲ ಸಂಗತಿ. ಆದರೂ ಒಬ್ಬನ ತಲೆಗೂ ಹೊಳೆದಿರಲಿಲ್ಲ. ಹೆಂಗಸರು ಎಲ್ಲಿಗೆ ಹೊರಟಿದ್ದಾರೆ ಎಂಬುದನ್ನು ಅವರು ಯಾವತ್ತೂ ಪೂರ್ತಿ ಕೇಳಿಸಿಕೊಂಡವರಲ್ಲ.

ಮಹಿಳಾ ಪೇದೆ ಗಾರ್ಗಿಯನ್ನು ಕರೆದುಕೊಂಡು ಜೀಪು ಕಮಲನಗರಕ್ಕೆ ಓಡಿತು. ಅಲ್ಲಿಯ ಚಹಾದಂಗಡಿಯ ಅಮೋಲನಿಗೆ ಲಾರಿಯ ನೆನಪು ಚೆನ್ನಾಗಿತ್ತು.

"ನಿನ್ನಿ ಮುಂಜಾನಿ ಬಂದಿತ್ತರಿ. ಲಾರಿ ಮ್ಯಾಗೆಲ್ಲಾ ಹೆಣ್ಮಕ್ಕಳೇ ಕುಂತಿದ್ರು, ಭಜನಿ ಪದಾ ಹಾಡಕೋತ. ಒಬ್ಬಾಕಿ ಮುದುಕಿ ಕೆಳಗಿಳದು ಬಂದು ನನ್ನ ಚಾದಾಗ ಹಾಲಿಲ್ಲ ಅಂತ ಬೈದಳು."

"ಯಾವ ಕಡಿಗಿ ಹೋದ್ರು?"

"ಔರಾದ ಕಡಿಗಿ."

ಮುಂದಿನ ದಾರಿ ಸಮದರಿಗೆ ಯಾರೂ ಹೇಳಬೇಕಿರಲಿಲ್ಲ.

ದೇವಣವಾಡಿಯ ಶಾಲೆಯ ಮುಂದೆ ಲಾರಿ ನಿಂತಿತ್ತು, ಖಾಲಿ. ಬಯಲಿನಲ್ಲಿ ಮೂರು ಕಲ್ಲಿನ ಒಲೆ ಹೂಡಿ ಭಾಲ್ಕಿಯ ಹೆಂಗಸರು ದೊಡ್ಡ ಪಾತ್ರೆಯಲ್ಲಿ ಬೇಳೆ ಕುದಿಸುತ್ತಿದ್ದರು. ಜೀಪು ಕಂಡದ್ದೇ ತಡ, ಜಿಜಾಬಾಯಿ ಕೋಲೂರಿಕೊಂಡು ಓಡಿ ಬಂದಳು. "ಸಾಹೇಬ್ರ, ನೀವು ಹೇಳಿದ ಲಾರಿ ಬಂತ್ರಿ. ನಾ ಎಲ್ಲಾರಿಗೂ ಹೇಳ್ತಿದ್ದೆ, ಸಾಹೇಬ್ರ ಮಾತು ಸುಳ್ಳಾಗಲ್ಲ ಅಂತ." ಅವಳ ಹೆಗಲ ಮೇಲೆ ಖುರ್ಷಿದ ಬೇಗಂ ಕೊಟ್ಟ ಕಂಬಳಿಯಿತ್ತು. ಸಮದರಿಗೆ ಸಂತೋಷವೂ ನಾಚಿಕೆಯೂ ಒಟ್ಟಿಗೇ ಬಂದವು. ಅವರ ಮಾತನ್ನು ಉಳಿಸಿದವರನ್ನೇ ಅವರು ಹಿಡಿಯಲು ಬಂದಿದ್ದರು.

ಮೊದಲು ಸಿಕ್ಕವನು ನಬೀಸಾಬ.

"ಯಾರನ್ನ ಕೇಳಿ ಲಾರಿ ತಂದಿ?"

"ಮಾಲಕರ ಅವ್ವ ಬಂದು, ಮಗ ಹೇಳ್ಯಾನ ನಡಿ ಅಂದ್ರು. ಮಾಲಕರ ಅವ್ವಗ ಸುಳ್ಳ ಹೇಳ್ತೀ ಅನ್ಲೇನ್ರಿ? ಫೋನ್ ಹಚ್ಚಿ ಕೇಳ್ತೇನಿ ಅಂದೆ. ಫೋನೇ ಕಸಗೊಂಡು ಸಂಚಿಯಾಗ ಹಾಕ್ಕೊಂಡ್ರು. ಅಡಿಕಿ-ಸುಣ್ಣದ ಸಂಗಾಟ ಇನ್ನಾ ಅಲ್ಲೇ ಅದರಿ."

ಅಂಬೂಬಾಯಿ ಸೌಟು ಕೆಳಗಿಟ್ಟು ತಾವಾಗಿಯೇ ಬಂದರು. ಅರವತ್ತೈದು ದಾಟಿದ, ಗಟ್ಟಿ ದನಿಯ ಹೆಂಗಸು. "ನಾ ಒಬ್ಬಾಕೇ ಮಾಡೀನಪ್ಪ. ಇವರಿಗೆಲ್ಲಾ ಲಗ್ನಕ್ಕ ಅಂತ ಹೇಳಿ ಕರಕೊಂಡು ಬಂದೀನಿ."

"ಸುಳ್ಳರಿ ಸಾಹೇಬ್ರ" ಎಂದರು ಒಲೆಯ ಹತ್ತಿರವಿದ್ದ ಸೊಸೆ ವರದಾ. "ಲಗ್ನದ ಮಾತು ನಂದು. ಗಂಡಸರಿಗಿ ಹೇಳ್ಲಿಕ್ಕ ಬೇರೆ ಏನೂ ತೋಚಲಿಲ್ಲ."

"ನೀ ಸುಮ್ಕಿರು. ಇಬ್ಬರೂ ಒಳಗ ಹೋದ್ರ ಮನ್ಯಾಗ ಅನ್ನ ಯಾರು ಮಾಡವರು?" ಎಂದು ಅತ್ತೆ ಗದರಿದರು.

ಜಪ್ತಿ ಪಂಚನಾಮೆ ಶುರುವಾಯಿತು. ಲಾರಿ ಸಿಕ್ಕಿತು. ಕಂಬಳಿಗಳು ಮಂದಿಯ ಮೈಮೇಲಿದ್ದವು, ಸೀರೆಗಳು ಉಡಲ್ಪಟ್ಟಿದ್ದವು. ಅನೀಲಕುಮಾರ ಪೆನ್ನು ಕಚ್ಚಿದ. "ಸಾಹೇಬ್ರ, ರೊಟ್ಟಿ ಕಾಲಮಿನಾಗ ಏನ ಬರೀಲಿ?"

"ತಿಂದಾರ ಅಂತ ಬರಿ."

"ಪಂಚರು ಯಾರು?"

"ತಿಂದವರೇ."

ಅಂಬೂಬಾಯಿಯ ವಯಸ್ಸು ನೋಡಿ ನೋಟಿಸು ಕೊಟ್ಟು ಬಿಡಬಹುದೆಂದು ಸಮದ ಹೇಳಿದರು. ಅವರು ಒಪ್ಪಲಿಲ್ಲ. "ನೋಟಿಸು ಬ್ಯಾಡ, ಹಿಡೀರಿ. ಲಾರಿ ಮ್ಯಾಗ ಕುಂತು ಸೊಂಟ ಹೋಗ್ಯಾದ. ಜೀಪಿನಾಗ ಒಯ್ಯಿರಿ." ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ಹಾಗಾಗಿ ಮಧ್ಯಾಹ್ನ ಮೂರಕ್ಕೇ, ಗಾರ್ಗಿಯ ಮುಖಾಂತರ, ದಸ್ತಗಿರಿ ಆಯಿತು. ದಸ್ತಗಿರಿಯ ಸುದ್ದಿಯನ್ನು ಆರೋಪಿಯ ಮನೆಯವರಿಗೆ ತಿಳಿಸಬೇಕು, ಅದು ಕಾನೂನು. ಸಮದ ಫೋನು ಹಚ್ಚಿದರು.

"ಭಾಲಚಂದ್ರ ಅವರ, ಕಳ್ಳರು ಸಿಕ್ಕಾರ."

"ಭೇಷ್ ಆಯ್ತರಿ. ಬೇಡಿ ಹಾಕೀರೇನು?"

"ಇನ್ನಾ ಇಲ್ಲ. ನಿಮ್ಮವ್ವನವರಿಗಿ ಬಳಿ ಬಿಗಿ ಆಗ್ಯಾವಂತ."



ಭಾಲ್ಕಿ ಠಾಣೆಯಲ್ಲಿ ಅಂಬೂಬಾಯಿ ಎಲ್ಲಕ್ಕೂ ತಕರಾರಿಲ್ಲದೆ ಒಪ್ಪಿದರು. ಹೆಸರು ಹೇಳಿದರು, ಹೆಬ್ಬೆಟ್ಟು ಒತ್ತಿದರು, ನಬೀಸಾಬನ ಫೋನನ್ನು ಸುಣ್ಣ ಒರೆಸಿ ಮೇಜಿನ ಮೇಲಿಟ್ಟರು. ದಾಖಲೆಗೆಂದು ಗಾರ್ಗಿ ಕ್ಯಾಮೆರಾ ಹಿಡಿದಾಗ ಮಾತ್ರ ಮುಖದ ಮೇಲೆ ಸೆರಗು ಎಳೆದುಕೊಂಡರು.

"ಏನ ಬೇಕಾದ್ದು ಮಾಡವ್ವ. ಫೋಟೋ ಬ್ಯಾಡ."

"ಯಾಕ ಬ್ಯಾಡ ಆಯಿ?" ಎಂದು ಸಮದ ಕೇಳಿದರು.

ಅಷ್ಟರಲ್ಲಿ ಭಾಲಚಂದ್ರ ಬಂದು ಬಾಗಿಲಲ್ಲಿ ನಿಂತಿದ್ದರು. ತಾಯಿಗೆ ಅವರು ಕಾಣಲಿಲ್ಲ.

"ನಾ ಸಣ್ಣಾಕಿದ್ದಾಗ ನಮ್ಮ ತವರೂರಿಗೂ ಹೊಳಿ ಬಂದಿತ್ತಪ್ಪ. ಗುಡ್ಡದ ಮ್ಯಾಲ ಕುಂತಿದ್ದೇವು. ಎಷ್ಟೋ ದಿನ ಆದಮ್ಯಾಗ ಹೂವಿನ ಮಾಲಿ ಹಾಕಿದ ಒಂದು ಲಾರಿ ಬಂತು. ಸಾಲಾಗಿ ನಿಲ್ಲಿಸಿ ಕೈಯಾಗ ಒಂದೊಂದು ರೊಟ್ಟಿ ಕೊಟ್ರು. ಫೋಟೋದವ ಬರೋ ತನಕ ತಿನ್ನಬ್ಯಾಡ್ರಿ ಅಂದ್ರು. ಅವಾ ಬರಲೇ ಇಲ್ಲ, ಹೊತ್ತು ಇಳೀತು. ರೊಟ್ಟಿಗಿ ಹಸಿರು ಬೂಸರ ಬಂದಿತ್ತು. ಆದ್ರೂ ಬಾಯಾಗ ನೀರು ಬರ್ತಿತ್ತು. ರೊಟ್ಟಿ ಕೈಯಾಗ ಹಿಡಕೊಂಡು, ತಿನ್ನದೇ ನಿಂತಿದ್ದೆ."

ಸೆರಗಿನಿಂದ ಮೂಗು ಒರೆಸಿಕೊಂಡರು. "ಇವತ್ತಿಲ್ಲ ನಾಳಿ ಹೋಗ್ತದ ಅಂತ ನಾನೂ ಕಾಯ್ದೆ. ಸೋಮವಾರ ರಾತ್ರಿ ಗಂಟು ಬಿಚ್ಚಿ ನೋಡಿದೆ, ರೊಟ್ಟಿ ಮೆತ್ತಗಾಗಲಿಕ್ಕ ಹತ್ತಿದ್ದವು. ಸತ್ತವರಿಗಿ ಎಡಿ ಇಡ್ಲಿಕ್ಕ ಛಲೋ ದಿನಾ ಅಂದ್ರ, ಬದುಕಿದವರಿಗಿ ಉಣಸ್ಲಿಕ್ಕ ಯಾಕ ಅಲ್ಲಪ್ಪ?"

ಸಮದ ಗಾರ್ಗಿಗೆ ಕ್ಯಾಮೆರಾ ಕೆಳಗಿಡಲು ಸನ್ನೆ ಮಾಡಿದರು.

ಭಾಲಚಂದ್ರ ಒಳಗೆ ಬಂದರು. ಹೊರಗೆ ಇಬ್ಬರು ಪತ್ರಿಕೆಯವರು ಕ್ಯಾಮೆರಾ ಸಜ್ಜು ಮಾಡಿಕೊಂಡು ನಿಂತಿದ್ದರು. ಭಾಲಚಂದ್ರ ತಿರುಗಿ ಹೋಗಿ ಬಾಗಿಲು ಮುಚ್ಚಿ ಬಂದರು. "ನನಗ ಒಮ್ಮೆರೆ ಹೇಳಬೇಕಿಲ್ಲ ಅವ್ವ?"

"ಹೇಳ್ಲಿಕ್ಕೇ ಬಂದಿದ್ದೆನಲ್ಲೋ. ಬ್ಯಾನರಿನಾಗ ನಿನ್ನ ಮಾರಿ ಸಣ್ಣದಾಗ್ಯಾದ ಅಂತ ಫೋನಿನಾಗ ಜಗಳ ಮಾಡ್ಲಿಕ್ಕತ್ತಿದ್ದಿ."

ಮಗ ಜಾಮೀನಿನ ಕಾಗದಕ್ಕೆ ಸಹಿ ಹಾಕಿದ. ತಾಯಿಯ ಕೈ ಹಿಡಿದುಕೊಂಡು, ಪತ್ರಿಕೆಯವರು ಕಾಣದಂತೆ, ಹಿಂದಿನ ಬಾಗಿಲಿನಿಂದ ಕರೆದೊಯ್ದ.

ಕತ್ತಲಾಗುವ ಹೊತ್ತಿಗೆ ಕಡತದಲ್ಲಿ ಒಂದೇ ಕಾಲಮು ಖಾಲಿ ಉಳಿದಿತ್ತು, ಅಪರಾಧದ ಉದ್ದೇಶ. ಸಮದ ಅದರಲ್ಲಿ 'ಹಸಿವು' ಎಂದು ಬರೆದರು.

ಅನೀಲಕುಮಾರ ಬಗ್ಗಿ ಓದಿದ. "ಸಾಹೇಬ್ರ, ಮುದುಕಿ ಒಂದು ರೊಟ್ಟಿ ಸೈತ ತಿಂದಿಲ್ಲರಿ. ಕೋರ್ಟಿನವರು ಯಾರ ಹಸಿವು ಅಂತ ಕೇಳ್ತಾರ."

"ಆಕೀದೇ. ಭಾಳ ಹಳೇದು ಅಂತ ಹೇಳ್ತೇನಿ" ಎಂದು ಸಮದ ಕಡತ ಮುಚ್ಚಿದರು.