ಬೆಂಕಿಗೆ ಬಗ್ಗದ ತೆನೆ

"ಯಾರ್ರೀ ಅದು, ನನ್ನ ಲೈಟ್ ಆರಿಸಿದ್ದು?!"

ಕತ್ತಲೆ ಕೋಣೆಯ ಬಾಗಿಲು ದಡಾರನೆ ತೆರೆಯಿತು. ರಾಗಿ ಪೈರಿನ ಟ್ರೇಗಳ ಮೇಲೆ ಬಗ್ಗಿದ್ದ ಅವಳು ಬೆಚ್ಚಿ ತಲೆ ಎತ್ತಿದಳು. ಮೇಲಿದ್ದ ಕಬ್ಬಿಣದ ಹಲಗೆ ಹಣೆಗೆ ಬಡಿಯಿತು.

"ಅಮ್ಮಾ...!"

"ಅಯ್ಯೋ! ಪೆಟ್ಟಾಯ್ತಾ?" ಬಂದವನ ಕೋಪ ಅರ್ಧಕ್ಕೇ ಇಳಿಯಿತು.

"ಪೆಟ್ಟಾದ್ರೆ ಆಗ್ಲಿ, ಮೊದಲು ಬಾಗಿಲು ಹಾಕಿ! ಬೆಳಕು ಬರ್ತಿದೆ!"

"ಬೆಳಕು ಬರಬೇಕು ಅಂತಾನೇ ಈ ಕೋಣೆ ಕಟ್ಟಿರೋದು! ಒಂದು ವಾರದಿಂದ ದೀಪ ತಾನೇ ಆರಿಹೋಗ್ತಿದೆ. ಟೈಮರ್ ಕೆಟ್ಟಿದೆ ಅಂತ ನಾನು ಬಿಚ್ಚಿ ಬಿಚ್ಚಿ ನೋಡ್ತಿದ್ದೀನಿ!"

"ನಾನೇ ಆರಿಸ್ತಿದ್ದೆ," ಅವಳು ಹಣೆ ಉಜ್ಜಿಕೊಂಡಳು. "ಇದು ಗೋಧಿ ಅಲ್ಲ, ರಾಗಿ. ರಾತ್ರಿ ಹಗಲು ಬೆಳಕು ಕೊಟ್ರೆ ಹುಲ್ಲಿನ ಥರ ಬೆಳೆಯುತ್ತೆ, ತೆನೆ ಮಾತ್ರ ಬಿಡಲ್ಲ. ಇದಕ್ಕೆ ಹಗಲಿಗಿಂತ ಉದ್ದನೆಯ ಕತ್ತಲೆ ಬೇಕು."

ಅವನು ಟ್ರೇಗಳತ್ತ ಒಮ್ಮೆ ನೋಡಿದ. ಆಮೇಲೆ ಬಾಗಿಲನ್ನು ಮೆಲ್ಲಗೆ ಹಾಕಿದ.

"ಹಾಗಂತ ಒಂದು ಮಾತು ಹೇಳಬಾರದಿತ್ತಾ?"

ಕತ್ತಲಲ್ಲಿ ಮುಖ ಕಾಣಲಿಲ್ಲ. ಆದರೆ ಆ ದನಿಯಲ್ಲಿದ್ದ ಮುನಿಸು ಕೇಳಿ ಅವಳಿಗೆ ನಗು ಬಂದುಬಿಟ್ಟಿತು!

ಅವಳು ಬೆಳೆ ಸಂಶೋಧನಾ ಕೇಂದ್ರದಲ್ಲಿ ರಾಗಿಯ ಹೊಸ ತಳಿ ಕಟ್ಟುವವಳು. ಎಲ್ಲರೂ 'ರಾಗಿ ಮೇಡಂ' ಅನ್ನುತ್ತಿದ್ದರು. ಅವನು ಬೆಳಕು, ಶಾಖ, ತೇವ ಎಲ್ಲವನ್ನೂ ಹಿಡಿತದಲ್ಲಿಡುವ ಬೆಳೆಕೋಣೆಗಳ ಇಂಜಿನಿಯರ್. ಹೊಲದಲ್ಲಿ ವರ್ಷಕ್ಕೆ ಒಂದು ಪೀಳಿಗೆ ಬೆಳೆಯುವ ರಾಗಿಯನ್ನು ಈ ಕೋಣೆಯಲ್ಲಿ ನಾಲ್ಕು ಪೀಳಿಗೆ ಬೆಳೆಸಬೇಕು. ಅದು ಅವಳ ಹಟ.

ಆ ಹಟ ಹುಟ್ಟಿದ್ದು ಅಪ್ಪನಿಂದ. ಅಪ್ಪನೂ ಇದೇ ಕೇಂದ್ರದಲ್ಲಿ ತಳಿ ಕಟ್ಟಿದವರು. ತಲೆಗೂದಲು ನೆರೆಯುವವರೆಗೆ ಒಂದೇ ತಳಿಗೆ ದುಡಿದಿದ್ದರು. ಅದು ಹೊಲ ಸೇರುವಷ್ಟರಲ್ಲಿ, ತೆನೆಯ ಕುತ್ತಿಗೆಯನ್ನೇ ಸುಟ್ಟು ಕಾಳು ಜೊಳ್ಳು ಮಾಡುವ ಬೆಂಕಿ ರೋಗ ತನ್ನ ರೂಪ ಬದಲಿಸಿಕೊಂಡಿತ್ತು. ಮೊದಲ ಬೆಳೆಯೇ ಕಪ್ಪಾಯಿತು.

"ನಾವು ಆಮೆ, ರೋಗ ಮೊಲ ಕಣಮ್ಮ," ಅನ್ನುತ್ತಿದ್ದರು ಅಪ್ಪ. "ಕಥೆಯಲ್ಲಿ ಮೊಲ ನಿದ್ದೆ ಮಾಡ್ತು. ನಮ್ಮ ಮೊಲ ಕಣ್ಣೇ ಮುಚ್ಚಲಿಲ್ಲ!"

ನಗುತ್ತಲೇ ಹೇಳುತ್ತಿದ್ದರು. ಆ ನಗು ಅವಳ ಕರುಳು ಹಿಂಡುತ್ತಿತ್ತು.

ಇಂಜಿನಿಯರ್ ಮರುದಿನವೇ ಟೈಮರ್ ಬದಲಿಸಿದ. ಅವಳು ಕೇಳಿದಷ್ಟು ಹಗಲು, ಕೇಳಿದಷ್ಟು ರಾತ್ರಿ. ಗಿಡಗಳು ಗೇಣುದ್ದ ಇರುವಾಗಲೇ ತೆನೆ ಇಣುಕಿದವು. ಕಾಳು ಪೂರ್ತಿ ಬಲಿಯುವ ಮೊದಲೇ ಕೊಯ್ದು, ಒಣಗಿಸಿ, ಮತ್ತೆ ಬಿತ್ತಿದರು. ತಂಪು ಮಾಡುವ ಯಂತ್ರ ಮುನಿಸಿಕೊಂಡ ಮಧ್ಯಾಹ್ನಗಳಲ್ಲಿ ಇಬ್ಬರೂ ಬೆವರು ಒರೆಸಿಕೊಳ್ಳುತ್ತಾ ಟ್ರೇ ಹೊತ್ತರು. ಅಪ್ಪನ ತಳಿಯ ಕಥೆ, ಆ ನಗುವಿನ ಕಥೆ ಅವಳು ಅವನಿಗೆ ಹೇಳಿಕೊಂಡಳು.

"ನಿಮ್ಮ ಗಿಡಗಳಿಗೆ ಏನಾದ್ರೂ ಆದ್ರೆ ನನಗೇ ಜ್ವರ ಬಂದ ಹಾಗಾಗುತ್ತೆ," ಅಂದ ಒಮ್ಮೆ.

'ಗಿಡಗಳಿಗೆ ಮಾತ್ರಾನಾ?' ಕೇಳಬೇಕೆಂದುಕೊಂಡಳು... ಮಾತು ನಾಲಿಗೆ ತುದಿಯಲ್ಲೇ ಉಳಿಯಿತು.

ಪೀಳಿಗೆಗಳು ಕಳೆದವು. ರೋಗದ ಪರೀಕ್ಷೆಯ ದಿನ ಬಂತು. ನಳಿಕೆಗಳಿಂದ ಮಂಜು ಸುರಿಯುವ ಕೋಣೆಯಲ್ಲಿ ಎಳೆ ಸಸಿಗಳ ಮೇಲೆ ರೋಗದ ಬೀಜಾಣು ಸಿಂಪಡಿಸಿದರು. ಕೆಲವು ದಿನಗಳಲ್ಲಿ ಹೋಲಿಕೆಗೆಂದು ಬಾಗಿಲ ಬಳಿ ನೆಟ್ಟಿದ್ದ ಹಳೆಯ ತಳಿ ಸುಟ್ಟುಹೋಯಿತು. ಕೋಣೆಯ ಕೊನೆಯಲ್ಲಿ, ಸಾಲಿಗೊಂದು ಬಗೆಯಂತೆ ನೆಟ್ಟಿದ್ದ ಅವಳ ಸಾಲುಗಳೆಲ್ಲ ಹಸಿರು!

ಸಭೆಯಲ್ಲಿ ನಿರ್ದೇಶಕಿ ಮುಖ ಅರಳಿಸಿದರು. "ಹಾಗಾದ್ರೆ ಈ ಬಿತ್ತನೆಗೇ ರೈತರ ಹೊಲಕ್ಕೆ ಕೊಡೋಣವಾ?"

"ಕೊಡೋಣ ಮೇಡಂ!" ಅವಳು ತಕ್ಷಣ ಅಂದಳು.

"ಬೇಡ," ಅಂದಿತು ಇನ್ನೊಂದು ದನಿ. "ಈ ಪರೀಕ್ಷೆಯನ್ನ ನಂಬೋ ಹಾಗಿಲ್ಲ."

ಇಂಜಿನಿಯರ್!

ಅವಳ ಕಿವಿ ಗುಂಯ್‌ಗುಟ್ಟಿತು. ಇಷ್ಟು ದಿನ ಪಕ್ಕದಲ್ಲೇ ನಿಂತವನು... ಎಲ್ಲರೆದುರು ಹೀಗೆ ಕೈಬಿಟ್ಟನಾ? ಅವನು ಇನ್ನೂ ಏನೋ ಹೇಳುತ್ತಿದ್ದ. ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಹೊರಗೆ ನಡೆದುಬಿಟ್ಟಳು.

ಮನೆಗೆ ಬಂದು ಅಪ್ಪನ ಮುಂದೆ ಅತ್ತಳು. ಅಪ್ಪ ಬೆಳ್ಳುಳ್ಳಿ ಸುಲಿಯುತ್ತಲೇ ಕೇಳಿಸಿಕೊಂಡರು.

"ಯಾಕೆ ನಂಬೋ ಹಾಗಿಲ್ವಂತೆ?"

"ಯಾರಿಗೆ ಗೊತ್ತು! ನಾನು ಎದ್ದು ಬಂದೆ."

"ಅಲ್ಲಿಗೆ ನೀನು ನನ್ನ ಮಗಳೇ, ಅನುಮಾನವೇ ಇಲ್ಲ. ನಿಮ್ಮಮ್ಮನ ಮಾತು ಅರ್ಧ ಕೇಳಿ ಎದ್ದುಹೋಗಿ ನಾನು ಎಷ್ಟು ಸಲ ಉಪವಾಸ ಬಿದ್ದಿದ್ದೀನಿ ಗೊತ್ತಾ?" ಅಪ್ಪನ ದನಿ ಮೆತ್ತಗಾಯಿತು. "ನನ್ನ ತಳಿ ಹೊಲಕ್ಕೆ ಹೋಗೋ ಮುಂಚೆ ಯಾರಾದ್ರೂ ಒಬ್ಬರು 'ಬೇಡ' ಅಂದಿದ್ರೆ... ಹೋಗು ಮಗಳೇ. ಪೂರ್ತಿ ಕೇಳು. ಆಮೇಲೂ ಅಳು ಬಂದ್ರೆ ಬಾ, ಒಟ್ಟಿಗೆ ಅಳೋಣ."

ಬೆಳಗ್ಗೆ ಅವಳು ಮಂಜಿನ ಕೋಣೆಗೆ ಹೋದಾಗ ಅವನು ಏಣಿಯ ಮೇಲಿದ್ದ. ಅಂಗಿ ಒದ್ದೆ. ಕೈಯಲ್ಲಿ ಮಂಜು ಸಿಂಪಡಿಸುವ, ಕೆಸರು ಕಟ್ಟಿದ ಪುಟ್ಟ ನಳಿಕೆ.

"ಯಾಕೆ ಹಾಗಂದ್ರಿ?" ನೇರವಾಗಿ ಕೇಳಿದಳು.

ಅವನು ಕೆಳಗಿಳಿದ. "ಕೊನೆಯ ಸಾಲುಗಳ ಮೇಲಿದ್ದ ನಳಿಕೆಗಳು ಕಟ್ಟಿಕೊಂಡಿದ್ವು. ಅಲ್ಲಿ ಮಂಜೇ ಬಿದ್ದಿಲ್ಲ. ತೇವ ಇಲ್ಲದೆ ರೋಗ ಹತ್ತಲ್ಲ. ನಿಮ್ಮ ಗಿಡ ರೋಗ ತಡೀತೋ, ರೋಗವೇ ಬರಲಿಲ್ಲವೋ... ಹೇಳೋಕಾಗಲ್ಲ. ತಪ್ಪು ನನ್ನದು, ನಿಮ್ಮ ರಾಗೀದಲ್ಲ. ಸಭೆಯಲ್ಲೂ ಅದನ್ನೇ ಹೇಳಿದೆ. ನೀವು ಇರಲಿಲ್ಲ."

ಅವಳು ಅವನ ಕೈಯಿಂದ ನಳಿಕೆ ತೆಗೆದುಕೊಂಡು ತಿರುಗಿಸಿ ನೋಡಿದಳು.

"ನಿಮ್ಮ ತಳಿ ಯಾರದೋ ಹೊಲದಲ್ಲಿ ಸುಟ್ಟು, ನೀವು ನಿಮ್ಮಪ್ಪನ ಥರ ನಗೋದನ್ನ ನಾನು ನೋಡಲಾರೆ," ಅಂದ ಮೆಲ್ಲಗೆ.

ಅವಳ ಕಣ್ಣು ತುಂಬಿ ಬಂತು. 'ನನ್ನ ಪರವಾಗಿ ನಿಂತವನನ್ನೇ ದೂರಿದೆನಲ್ಲಾ...'

"ಬಿತ್ತನೆಗೆ ಇನ್ನೂ ಸಮಯ ಇದೆ," ಕಣ್ಣೊರೆಸಿಕೊಂಡು ಏಣಿ ಹಿಡಿದಳು. "ಇನ್ನೊಂದು ಸಲ ಮಾಡೋಣ. ಹತ್ತಿ, ನಾನು ಹಿಡ್ಕೋತೀನಿ!"

ಈ ಸಲ, ರೋಗ ಎಲ್ಲೆಡೆ ತಲುಪಿತೇ ಎಂದು ತಿಳಿಯಲು, ಹಳೆಯ ತಳಿಯನ್ನು ಪ್ರತಿ ಸಾಲಿನ ಪಕ್ಕದಲ್ಲೂ ನೆಟ್ಟರು. ಮಂಜು ಎಲ್ಲೆಡೆ ಒಂದೇ ಸಮ ಸುರಿಯಿತು. ಹಳೆಯ ತಳಿ ಪೂರ್ತಿ ಸುಟ್ಟಿತು. ಅವಳ ಸಾಲುಗಳೂ ಒಂದೊಂದಾಗಿ ಕಪ್ಪಾದವು. ಪ್ರತಿ ಬೆಳಗ್ಗೆ ಅವಳು ಇನ್ನೊಂದು ಸಾಲನ್ನು ಪಟ್ಟಿಯಿಂದ ಹೊಡೆದುಹಾಕಿದಳು. ಮೊದಲ ಪರೀಕ್ಷೆ ನಂಬಿ ಕೊಟ್ಟಿದ್ದರೆ...!

"ಇಲ್ಲಿ ಬನ್ನಿ," ಅವನು ಒಂದು ಬೆಳಗ್ಗೆ ಅವಸರದಿಂದ ಕರೆದ.

ಸುಟ್ಟ ಎಲೆಗಳ ನಡುವೆ ಒಂದೇ ಒಂದು ಸಾಲು. ಅಲ್ಲಿ ಸಾಸಿವೆಯಷ್ಟೂ ಕಲೆಯಿರಲಿಲ್ಲ! ಎಲೆ ತಿರುಗಿಸಿ ನೋಡಿದಳು. ಮತ್ತೆ ನೋಡಿದಳು. ಆಮೇಲೆ ಅವನ ಒದ್ದೆ ತೋಳು ಹಿಡಿದು ಚಿಕ್ಕ ಹುಡುಗಿಯಂತೆ ಕುಣಿದುಬಿಟ್ಟಳು.

ಆ ಸಾಲಿನ ಬೀಜವನ್ನು ಬೆಳೆಕೋಣೆಯಲ್ಲಿ ಬೇಗ ಬೇಗ ಹೆಚ್ಚಿಸಿ ಹೊಲಕ್ಕೆ ಕೊಟ್ಟರು.

ಆ ಹಂಗಾಮಿನಲ್ಲಿ ಮೋಡ ಕದಲಲಿಲ್ಲ. ಬೆಂಕಿ ರೋಗ ಹೊಲದಿಂದ ಹೊಲಕ್ಕೆ ಹಬ್ಬಿತು. ಕೊಯ್ಲಿನ ದಿನ ರೈತರು, ನಿರ್ದೇಶಕಿ, ಅಪ್ಪ ಎಲ್ಲರೂ ಬದುವಿನ ಮೇಲೆ ನಿಂತಿದ್ದರು. ಎಡಕ್ಕೂ ಬಲಕ್ಕೂ ಕಪ್ಪು, ಜೊಳ್ಳು ತೆನೆ. ನಡುವೆ ಅವರ ರಾಗಿ... ಮುಷ್ಟಿ ಕಟ್ಟಿದಂಥ ತೆನೆಗಳು, ಕಾಳಿನ ಭಾರಕ್ಕೆ ಬಾಗಿ!

ಹೊಲದೊಡತಿ ಒಂದು ತೆನೆ ಉಜ್ಜಿ, ಊದಿ, ಕೆಂಪು ಕಾಳನ್ನು ಅಪ್ಪನ ಅಂಗೈಗೆ ಸುರಿದಳು. ಅಪ್ಪ ಬಾಯಿಗೆ ಹಾಕಿಕೊಂಡು ಅಗಿದರು. ಅಗಿಯುತ್ತಾ ಅಗಿಯುತ್ತಾ ಅತ್ತರು.

"ಗೆದ್ದೆ ಮಗಳೇ... ಗೆದ್ದುಬಿಟ್ಟೆ!"

ಜನ ಚಪ್ಪಾಳೆ ತಟ್ಟಿದರು. ಅವಳ ಕಣ್ಣು ಒಬ್ಬನನ್ನೇ ಹುಡುಕಿತು. ಅವನು ದೂರದಲ್ಲಿ, ಪೈರಿನ ನಡುವೆ ಒಬ್ಬನೇ ನಿಂತು ನಗುತ್ತಿದ್ದ. ಅವಳು ಓಡಿದಳು.

"ನಿಮಗೊಂದು ಮಾತು ಹೇಳಬೇಕು! ನನಗೆ ನೀವಂದ್ರೆ ಇಷ್ಟ!"

ಗಾಳಿ ಬೀಸಿತು. ಅವನು ಕಿವಿಗೆ ಕೈ ಇಟ್ಟ. "ಏನು?"

"ನೀವಂದ್ರೆ ನನಗೆ ಇಷ್ಟಾ ಅಂದೆ!" ಕಿರುಚಿದಳು.

ಗಾಳಿ ಅಷ್ಟರಲ್ಲಿ ನಿಂತಿತ್ತು. ಹೊಲವಿಡೀ ಸ್ತಬ್ಧ.

"ನನಗೂ ಕೇಳಿಸ್ತಮ್ಮಾ!" ಬದುವಿನಿಂದ ಅಪ್ಪ ಕೂಗಿದರು. ಎಲ್ಲರೂ ಗೊಳ್ಳೆಂದು ನಕ್ಕರು.

ಅವಳು ನಾಚಿ ಮುಖ ಮುಚ್ಚಿಕೊಂಡಳು. ಅವನು ಹತ್ತಿರ ಬಂದು ಆ ಕೈಗಳನ್ನು ಮೆಲ್ಲಗೆ ಸರಿಸಿದ.

"ಮೊದಲ ಸಲವೇ ಕೇಳಿಸಿತ್ತು. ಇನ್ನೊಮ್ಮೆ ಕೇಳೋ ಆಸೆ ಆಯ್ತು."

"ಮೋಸಗಾರ...! ಮತ್ತೆ ನಿಮ್ಮ ಉತ್ತರ?"

"ಮದುವೆ ಆಗೋ ಹುಡುಗನಿಗೆ ಯಾರಾದ್ರೂ 'ನೀವು' ಅಂತಾರಾ?"

ಅವಳ ಕೆನ್ನೆ ಕೆಂಪಾಯಿತು. ತಲೆ ತಗ್ಗಿಸಿ, ಅವನಿಗಷ್ಟೇ ಕೇಳುವಂತೆ ಕೇಳಿದಳು.

"ಸರಿ... ನಿನ್ನ ಉತ್ತರ?"

"ನೀನೇ," ಅಂದ ಅವನು.