ಮಣ್ಣಿಲ್ಲದ ಪಾಲಕ್

ಬಾಟಲಿಯ ಮುಚ್ಚಳ ಬಿಗಿ ಮಾಡಿ ಮಹಾನಂದಾ ಜೋರಾಗಿ ಅಲುಗಾಡಿಸಿದಳು. ಒಳಗಿನ ನೀರು ನೋಡನೋಡುತ್ತಲೇ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು.

“ಅಯ್ಯಯ್ಯ, ಏನ ಪವರ್ ಬಂತಲೇ!” ಎಂದಳು.

ಯಾರಿಗೆ ಹೇಳಿದಳು? ಯಾರಿಗೂ ಇಲ್ಲ. ಮಾಳಿಗೆಯ ಮೇಲೆ ಇದ್ದವಳು ಅವಳೊಬ್ಬಳೇ. ಉಳಿದಂತೆ ಒಂದು ನೀರಿನ ಟಾಕಿ, ಹಗ್ಗದ ಮೇಲೆ ಒಣಗುತ್ತಿದ್ದ ಮಾಮಾನ ಅಂಗಿಗಳು, ಮತ್ತೆ ಒಂದು ಥರ್ಮಾಕೋಲ್ ಪೆಟ್ಟಿಗೆ. ಅಂಗಿಗಳಿಗೆ ಈ ಸುದ್ದಿ ಬೇಕಾಗಿರಲಿಲ್ಲ.

ಅವತ್ತು ರವಿವಾರ. ಊರಿನ ಮಕ್ಕಳಿಗೆಲ್ಲ ರಜೆಯಾದರೆ ವಿಜಯಲಕ್ಷ್ಮೀ ಅತ್ತಿಗೂ ಮಾಮಾನಿಗೂ ಅವತ್ತೇ ಹೆಚ್ಚು ಕೆಲಸ. ಗೋಳಗುಮ್ಮಟದ ಹತ್ತಿರ ಅವರದೊಂದು ಸಣ್ಣ ಅಂಗಡಿ. ಟೋಪಿ, ಗೊಂಬೆ, ತಂಪು ನೀರು ಮಾರುತ್ತಾರೆ. ರವಿವಾರ ಬಸ್ಸುಗಟ್ಟಲೆ ಮಂದಿ ಬರುತ್ತಾರೆ. ಅತ್ತಿ ಬೆಳಿಗ್ಗೆಯೇ ರೊಟ್ಟಿ ಬಡಿದಿಟ್ಟು ಹೋದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ.

ಮಹಾನಂದಾಳ ಸ್ವಂತ ಊರು ಟಿಕೋಟಾದ ಕಡೆಯ ಘೋಣಸಗಿ. ಅಲ್ಲಿ ಅವಳ ಅಪ್ಪ ಮಲಕಾಜಪ್ಪನ ದ್ರಾಕ್ಷಿ ತೋಟವಿದೆ. ಈ ಜೂನಿನಲ್ಲಿ ಅವಳನ್ನು ಐದನೆಯ ಕ್ಲಾಸಿಗೆಂದು ವಿಜಯಪುರಕ್ಕೆ ತಂದು, ತನ್ನ ತಂಗಿಯ ಮನೆಯಲ್ಲಿ ಬಿಟ್ಟಿದ್ದ. “ವಾರಾ ವಾರಾ ಬರ್ತೇನಿ” ಅಂದಿದ್ದ. ಮೊದಮೊದಲು ಬಂದ. ಈಗ ದ್ರಾಕ್ಷಿ ಗೊಂಚಲುಗಳನ್ನು ಒಂದೊಂದಾಗಿ ಔಷಧಿಯಲ್ಲಿ ಅದ್ದುವ ಕಾಲ. ದೀಪಾವಳಿ ಮುಗಿದ ಮೇಲೆ ಅಪ್ಪನ ಮುಖ ಕಂಡಿರಲಿಲ್ಲ.

ಆದರೆ ದೀಪಾವಳಿಗೆ ಊರಿಗೆ ಹೋದಾಗ ಅವಳು ಅಪ್ಪನಿಂದ ಒಂದು ಗಂಟು ಕೇಳಿ ತಂದಿದ್ದಳು. ಗಂಟಿನಲ್ಲಿ ತೋಟಕ್ಕೆ ಹಾಕುವ ಉಪ್ಪಿನಂಥ ಗೊಬ್ಬರಗಳ ಪುಡಿಕೆಗಳು. ಒಂದು ಕ್ಯಾಲ್ಸಿಯಂ, ಮುಟ್ಟಿದರೆ ಬೆವರಿದಂತೆ ಒದ್ದೆಯಾಗುವ ಹರಳು. ಇನ್ನೊಂದಕ್ಕೆ ತೋಟದವರು ಕರೆಯುವ ಹೆಸರೇ ಮಜಾ: ಝೀರೋ ಬಾವನ್ ಚೌತೀಸ್, ಚೀಲದ ಮೇಲೆ ಬರೆದಿರುವ ಸೊನ್ನೆ-ಐವತ್ತೆರಡು-ಮೂವತ್ನಾಲ್ಕು. ಅದು ಸಕ್ಕರೆಯಂತೆ ಬೆಳ್ಳಗೆ, ಸಣ್ಣಗೆ. ಮತ್ತೊಂದು ಮ್ಯಾಗ್ನೇಷಿಯಂ. ಕೊನೆಯದು ಕೆಂಪು ಪುಡಿ, ಚಿಟಿಕೆ ಸಾಕು. “ಬಾಯಾಗ ಹಾಕ್ಕೋಬ್ಯಾಡ, ಕೈ ತೊಳ್ಕೋ, ಅತ್ತಿ ಅಡಗಿ ಮನಿ ಭಾಂಡೆ ಮುಟ್ಟಬ್ಯಾಡ” ಎಂದು ಅಪ್ಪ ಹೇಳಿದ್ದ. ಅಷ್ಟು ಹೇಳುವಷ್ಟರಲ್ಲಿ ತೋಟದಿಂದ ಯಾರೋ ಕೂಗಿದರು, ಅವನು ಓಡಿದ.

ಉಳಿದದ್ದನ್ನು ಅವಳು ನೆನಪಿನಿಂದ ಮಾಡಬೇಕಾಯಿತು. ಅಪ್ಪ ಡ್ರಿಪ್ಪಿನ ಪೈಪುಗಳಲ್ಲಿ ಗೊಬ್ಬರ ಬಿಡುವುದನ್ನು ಎಷ್ಟು ಸಲ ನೋಡಿಲ್ಲ! ರವಿವಾರ ಕ್ಯಾಲ್ಸಿಯಂ. ಮಂಗಳವಾರ ಝೀರೋ ಬಾವನ್ ಚೌತೀಸ್. ನಡುವಿನ ಸೋಮವಾರ ಏನೂ ಇಲ್ಲ. ಸೋಮವಾರ ಬಸವಣ್ಣನ ದಿನ. ಘೋಣಸಗಿಯಲ್ಲಿ ಅವತ್ತು ಯಾರೂ ಎತ್ತು ಹೂಡುವುದಿಲ್ಲ.

‘ಇಲ್ಲಿ ಮಾಳಿಗಿ ಮ್ಯಾಲ ಎತ್ತೂ ಇಲ್ಲ, ಬಸವಣ್ಣನೂ ಇಲ್ಲ. ಸುಮ್ಮನ ಯಾಕ ಎರಡ ದಿನ ಕಾಯೂದು?’ ಎಂದುಕೊಂಡ ಜಾಣೆ ಕೆಂಪು ಪುಡಿಯೊಂದನ್ನು ಆಮೇಲಕ್ಕೆ ಬಿಟ್ಟು ಉಳಿದೆಲ್ಲ ಪುಡಿಕೆಗಳಿಂದ ಒಂದೊಂದು ಮುಚ್ಚಳ ಅಳೆದು, ಒಂದೇ ಬಾಟಲಿಗೆ ಸುರಿದುಬಿಟ್ಟಿದ್ದಳು.

ಬೆಳ್ಳಗಿನ ಆ ನೀರನ್ನು ಪೆಟ್ಟಿಗೆಯ ನೀರಿಗೆ ಹಾಕಿದಳು. ಪೆಟ್ಟಿಗೆಯ ಮುಚ್ಚಳದಲ್ಲಿ ತೂತುಗಳು, ತೂತುಗಳಲ್ಲಿ ಐಸ್‌ಕ್ರೀಮ್ ಕಪ್ಪುಗಳು, ಕಪ್ಪುಗಳಲ್ಲಿ ತೆಂಗಿನ ನಾರು, ನಾರಿನಲ್ಲಿ ಪಾಲಕ್ ಸಸಿಗಳು. ಒಂದು ಹಿಡಿ ಮಣ್ಣೂ ಇಲ್ಲ.

“ಬರೂ ರವಿವಾರದಾಗ ದೊಡ್ಡವಾಗ್ರಿ ಮತ್ತ. ಮಂದಿ ಬರೂವ್ರ ಅದಾರ” ಎಂದು ಸಸಿಗಳಿಗೆ ಹೇಳಿದಳು.

ಮಂದಿ ಬರುವವರಿದ್ದರು ಎಂಬುದು ಸುಳ್ಳಲ್ಲ. ಹಿಂದಿನ ದಿನವಷ್ಟೇ ಅದು ಗಟ್ಟಿಯಾಗಿತ್ತು.

ಸಾಲಿಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಚಂದ್ರಕಾಂತ ಸರ್ “ನಿಮಗ ಬೇಕಾದವರ ಕೂಡ ಗುಂಪ ಮಾಡ್ಕೋರಿ” ಎಂದದ್ದೇ ತಡ, ಕ್ಲಾಸಿನಲ್ಲಿ ಬೆಂಚುಗಳು ಕಿರ್ರೆಂದವು. ಗದ್ದಲ ಮುಗಿದಾಗ ಎಲ್ಲರಿಗೂ ಗುಂಪಿತ್ತು. ಮಹಾನಂದಾ ತನ್ನ ಬೆಂಚಿನಲ್ಲಿ ಹಾಗೇ ಕುಳಿತಿದ್ದಳು. ಯಾರೂ ಅವಳನ್ನು ಬೇಡ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ.

“ನಾ ಒಬ್ಬಾಕಿನ ಮಾಡ್ತೇನ್ರಿ ಸರ್. ಮಣ್ಣ ಇಲ್ದ ಪಾಲಕ್ ಬೆಳಸಾಕತ್ತೇನಿ” ಎಂದಳು.

“ಮಣ್ಣಿಲ್ದ ಪಾಲಕ್ಕಂತ! ನಾಳಿ ಹಿಟ್ಟಿಲ್ದ ರೊಟ್ಟಿ ಬಡೀತಿ ಏನ?” ಎಂದ ಸಿದ್ದಲಿಂಗೇಶ. ಎಲ್ಲರೂ ಹೋ ಎಂದು ನಕ್ಕರು.

“ಖರೇನ ಐತಿ. ಬಂದ ನೋಡ್ರಿ ಬೇಕಾದ್ರ. ಗೋಳಗುಮ್ಮಟದ ಹಿಂದಿನ ಓಣಿ, ಹಸರ ಗೇಟ್ ಮನಿ.”

“ಆತು, ಮುಂದಿನ ವಾರ ಬರ್ತೇವಿ. ಈ ರವಿವಾರ ಬಿಟ್ಟು ಆಚೀ ರವಿವಾರ” ಎಂದಳು ನಂದಾ. ನಂದಾ ಏನು ಹೇಳಿದರೂ ಅವಳ ಗುಂಪು ಹೂಂ ಅನ್ನುತ್ತದೆ. ಆ ಗುಂಪಿನ ಕೊನೆಯಲ್ಲಿ ಮುಬೀನ ಎಂಬ ಹುಡುಗಿಯೂ ಇದ್ದಳು. ಬಣ್ಣ ಹಚ್ಚುವ ಕೆಲಸ ಕೊಟ್ಟು ಅವಳನ್ನು ಅತ್ತ ಕೂರಿಸಿದ್ದರು. ಅವಳು ಹೂಂ ಅಂದಳೋ ಇಲ್ಲವೋ, ಯಾರಿಗೂ ಕೇಳಿಸಲಿಲ್ಲ.

ಮಹಾನಂದಾಳಿಗೆ ಅಷ್ಟೇ ಸಾಕಾಗಿತ್ತು. ಜೂನಿನಿಂದ ಈ ಮನೆಗೆ ಅವಳನ್ನು ಹುಡುಕಿಕೊಂಡು ಒಬ್ಬರೂ ಬಂದಿರಲಿಲ್ಲ. “ಅತ್ತಿ, ಮುಂದಿನ ವಾರ ನನ್ನ ಫ್ರೆಂಡ್ಸ್ ಬರ್ತಾರ. ಚುರಮರಿ ಚೂಡಾ ಮಾಡಿಡ್ತಿ? ಶೇಂಗಾ ಭಾಳ ಹಾಕಬೇಕ ಮತ್ತ” ಎಂದು ಅವತ್ತು ಸಂಜೆಯೇ ಹೇಳಿದ್ದಳು. ‘ಫ್ರೆಂಡ್ಸ್’ ಅನ್ನುವಾಗ ನಾಲಿಗೆಗೆ ಅದೆಷ್ಟು ಖುಷಿಯಾಯಿತೋ.

ಬುಧವಾರದ ಹೊತ್ತಿಗೆ ಪಾಲಕ್ ಮುಖ ಬಾಡಿಸಿತು. ಗುರುವಾರ ಎಲೆಯ ಅಂಚು ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗಿತು. ಎಳೆ ಎಲೆಗಳಂತೂ ಬಿಚ್ಚಿಕೊಳ್ಳದೆ ಮುದುಡಿ ಕುಳಿತವು. ಪವರ್ ಕಡಿಮೆಯಾಯಿತೇನೋ ಎಂದು ಮಹಾನಂದಾ ಇನ್ನಷ್ಟು ಬಿಳಿ ನೀರು ಹಾಕಿದಳು. ಶುಕ್ರವಾರ ಇನ್ನೂ ಕೆಟ್ಟಿತು.

ಅಪ್ಪನಿಗೆ ಫೋನ್ ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಅಪ್ಪನ ಫೋನು ತೋಟದ ಶೆಡ್ಡಿನ ಗೂಟಕ್ಕೆ ಜೋತು ಬಿದ್ದಿರುತ್ತದೆ, ಅಪ್ಪ ಬಳ್ಳಿಗಳ ನಡುವೆ ಇರುತ್ತಾನೆ. ಮತ್ತೆ ಹಚ್ಚಿದಳು. ಮತ್ತೆ ರಿಂಗಾಯಿತು.

ಶನಿವಾರ ಬೆಳಿಗ್ಗೆ ಸಾಲಿಯ ಗೇಟಿನ ಹತ್ತಿರ ನಂದಾಳ ಗುಂಪು ಸಿಕ್ಕಿತು. ಆ ಸುಟ್ಟ ಎಲೆಗಳ ಮುಂದೆ ಇವರೆಲ್ಲ ನಿಂತು ನಗುವುದು ಮಹಾನಂದಾಳ ಕಣ್ಣಿಗೆ ಕಟ್ಟಿತು.

“ನಾಳಿ ಬರಬ್ಯಾಡ್ರಿ. ನಾ ಊರಿಗೆ ಹೊಂಟೇನಿ. ಮನಿಯಾಗ ಯಾರೂ ಇರೂದಿಲ್ಲ” ಎಂದಳು. ಸುಳ್ಳು ಹೇಳುವಾಗ ಅವಳು ಚಪ್ಪಲಿಯಿಂದ ನೆಲ ಕೆರೆಯುತ್ತಾಳೆ. ಅವತ್ತು ಒಂದು ಸಣ್ಣ ಗುಂಡಿಯೇ ಬಿತ್ತು.

“ಹೌದಾ? ಚಲೋ ಆತ ಬಿಡು, ನಮಗೂ ಟ್ಯೂಷನ್ ಐತಿ” ಎಂದಳು ನಂದಾ. ಎಲ್ಲರೂ ಮಾತಾಡುತ್ತ ಒಳಗೆ ಹೋದರು.

ಯಾರಾದರೂ ಒಬ್ಬರು ‘ಅಯ್ಯ’ ಅಂದಿದ್ದರೂ ಆಗುತ್ತಿತ್ತು. ತಾನೇ ಬರಬೇಡಿ ಎಂದಿದ್ದಳು, ನಿಜ. ಆದರೂ ಅವರು ಇಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಅವಳಿಗೆ ಅಳು ಬಂತು. ಪ್ರಾರ್ಥನೆಯ ಹೊತ್ತಿಗೆ ಕಣ್ಣು ಮುಚ್ಚುವುದು ಒಳ್ಳೆಯದೇ ಆಯಿತು.

ರವಿವಾರ ಬೆಳಿಗ್ಗೆ ಅತ್ತಿ ಒಂದು ಡಬ್ಬಿ ತುಂಬ ಚೂಡಾ ಮಾಡಿಟ್ಟು ಅಂಗಡಿಗೆ ಹೋದಳು. ಯಾರೂ ಬರುವುದಿಲ್ಲ ಎಂದು ಅತ್ತಿಗೆ ಹೇಳಲು ಮಹಾನಂದಾಳಿಗೆ ಬಾಯಿ ಬಂದಿರಲಿಲ್ಲ. ಅಷ್ಟರಲ್ಲಿ ಫೋನು ರಿಂಗಾಯಿತು. ಅಪ್ಪ!

“ಏನವಾ, ಅಷ್ಟ ಸಲ ಫೋನ್ ಹಚ್ಚಿದ್ದೆಲ್ಲ? ಆರಾಮ ಅದೀ ಇಲ್ಲೋ?”

“ಅಪ್ಪಾ, ನನ್ನ ಪಾಲಕ್ ಸಾಯಾಕತ್ತೇತಿ.” ಮಾಡಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು.

ಅಪ್ಪ ಜೋರಾಗಿ ನಕ್ಕ. “ಅಯ್ಯ ನನ್ನವ್ವ! ಕ್ಯಾಲ್ಸಿಯಂ, ಬಾವನ್ ಚೌತೀಸ್ ಎರಡೂ ಒಂದ ಬಾಟಲ್ಯಾಗ ಹಾಕೀದಿ? ತಳದಾಗ ನೋಡು, ಏನ ಕುಂತೇತಿ?”

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತಳದಲ್ಲಿ ಗೋಡೆಗೆ ಬಳಿಯುವ ಸುಣ್ಣದಂಥದ್ದು ದಪ್ಪಗೆ ಕೂತಿತ್ತು.

“ಅವೆರಡೂ ಸ್ವಲ್ಪ ನೀರಿನ್ಯಾಗ ಗಟ್ಟಿ ಇದ್ದಾಗ ಕೂಡಿದ್ರ ಹಂಗ ಕಲ್ಲಾಗಿ ಕೂಡ್ತಾವ. ಮ್ಯಾಗ್ನೇಷಿಯಂನೂ ಕ್ಯಾಲ್ಸಿಯಂ ಜೋಡಿ ಹಾಕಬಾರ್ದು. ಗಿಡಕ್ಕ ಏನೂ ಸಿಗೂದಿಲ್ಲವಾ, ಉಪಾಸ ಬೀಳ್ತಾವ.”

“ಮತ್ತ ನೀ ಸೋಮವಾರ ಏನೂ ಹಾಕ್ತಿರಲಿಲ್ಲ, ಬಸವಣ್ಣನ ಸಲುವಾಗಿ ಅಲ್ಲೇನ?”

“ನಡುವ ಒಂದ ದಿನ ಬಿಡಬೇಕಾಗಿತ್ತು, ಪೈಪಿನ್ಯಾಗ ಅವು ಕೂಡಬಾರ್ದಂತ. ಹೆಂಗೂ ಸೋಮವಾರ ಕೆಲಸ ಇರೂದಿಲ್ಲ, ಅದನ್ನ ಹಿಡಕೊಂಡೆ. ನೀ ಹಂಗ ತಿಳಕೊಂಡಿ ಅಂತ ನನಗೇನ ಗೊತ್ತು!” ಅಪ್ಪ ಮತ್ತೆ ನಕ್ಕ. “ಎರಡ ಬಾಟಲಿ ಮಾಡು. ಒಂದರಾಗ ಕ್ಯಾಲ್ಸಿಯಂ ಒಂದ. ಇನ್ನೊಂದರಾಗ ಉಳಿದದ್ದೆಲ್ಲ. ಪೆಟಗಿ ತುಂಬ ಹೊಸಾ ನೀರ ಹಾಕಿ, ಮೊದಲ ಒಂದ ಹಾಕಿ ಕಲಿಸು, ಆಮ್ಯಾಲ ಇನ್ನೊಂದ. ಭಾಳ ನೀರಿನ್ಯಾಗ ಅವು ಜಗಳ ಆಡೂದಿಲ್ಲ. ಸುಟ್ಟ ಎಲಿ ಮತ್ತ ಚಲೋ ಆಗೂದಿಲ್ಲ, ಹೊಸಾವು ಚಲೋ ಬರ್ತಾವ. ಮತ್ತೇನರ ಹೇಳೂದೈತೇನವಾ?”

ಹೇಳುವುದು ಬೇಕಾದಷ್ಟಿತ್ತು. ಆಚೆ ಕಡೆ ಯಾರೋ “ಮಲಕಾಜಪ್ಪಣ್ಣ, ಬರ್ರಿ” ಎಂದು ಕರೆಯುವುದು ಕೇಳಿಸಿತು.

“ಏನಿಲ್ಲಪ್ಪಾ” ಎಂದಳು.

ಮಾಳಿಗೆಗೆ ಹೋಗಿ ಪೆಟ್ಟಿಗೆಯ ಹಳೆಯ ನೀರನ್ನು ಮೊಗೆಮೊಗೆದು ಚೆಲ್ಲಿದಳು. ಬೇರುಗಳಿಗೆ ಮೆತ್ತಿದ್ದ ಬಿಳಿಯನ್ನು ತೊಳೆದಳು. ಎರಡು ಬಾಟಲಿ ತೊಳೆದಿಟ್ಟು ಮೊದಲನೆಯದರಲ್ಲಿ ಕ್ಯಾಲ್ಸಿಯಂ ಕರಗಿಸಿದಳು. ನೀರು ತಿಳಿಯಾಗಿಯೇ ಉಳಿಯಿತು. ಇನ್ನೊಂದು ಬಾಟಲಿಗೆ ಕೈ ಹಾಕಬೇಕು, ಆಗ ಕೆಳಗಡೆ ಗೇಟು ಕಿರುಗುಟ್ಟಿತು. ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುತ್ತ ಹತ್ತುವ ಸದ್ದು.

ತಾನು ಊರಿಗೆ ಹೋದವಳಲ್ಲವೇ! ಮಹಾನಂದಾ ಒಂದೇ ಓಟಕ್ಕೆ ಟಾಕಿಯ ಹಿಂದೆ ಅಡಗಿದಳು.

ಬಂದವಳು ಮುಬೀನ. ಕೈಯಲ್ಲಿ ನೀರು ತುಂಬಿದ ದೊಡ್ಡ ಕ್ಯಾನು. ಅದನ್ನು ದೊಪ್ಪನೆ ಇಟ್ಟು, ಅಂಗೈ ಊದಿಕೊಂಡು, ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

“ಅಯ್ಯ, ಏನಾತ ನಿಮಗ?” ಎಂದು ಪಾಲಕ್ಕನ್ನು ಕೇಳಿದಳು. ಕ್ಲಾಸಿನಲ್ಲಿ ಯಾರಿಗೂ ಕೇಳಿಸದ ದನಿ ಇಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. “ಮಹಾನಂದಾ ಊರಿಗೆ ಹೋಗ್ಯಾಳ. ನಿಮಗ ನೀರ ಹಾಕವ್ರು ಯಾರು? ಅದಕ್ಕ ನಾ ಬಂದೇನಿ. ಫಿಲ್ಟರ್ ನೀರ ಐತಿ. ಬೋರಿನ ಸವಳ ನೀರ ನಿಮಗ ಆಗೂದಿಲ್ಲಂತಲ್ಲ.”

ಮಹಾನಂದಾಳ ಕಿವಿ ಬಿಸಿಯಾಯಿತು. ಬೋರಿನ ನೀರಿನ ಮಾತನ್ನು ಅವಳು ಕ್ಲಾಸಿನಲ್ಲಿ ಹೇಳಿದ್ದಳು, ಎಲ್ಲರೂ ರೊಟ್ಟಿಯ ಮಾತಿಗೆ ನಗುತ್ತಿದ್ದಾಗ. ತನಗೇ ಕೇಳಿಸಿರಲಿಲ್ಲ.

ಅಡಗಿಯೇ ಇದ್ದರೆ ಮುಬೀನ ನೀರು ಹಾಕಿ ಹೋಗಿಬಿಡುತ್ತಾಳೆ. ಸುಳ್ಳು ಉಳಿಯುತ್ತದೆ. ಆಮೇಲೆ ಸಂಜೆಯವರೆಗೆ ಮತ್ತೆ ಇದೇ ಟಾಕಿ, ಇದೇ ಅಂಗಿಗಳು.

“ನಾ ಊರಿಗೆ ಹೋಗಿಲ್ಲ” ಎನ್ನುತ್ತ ಟಾಕಿಯ ಹಿಂದಿನಿಂದ ಬಂದಳು. “ಸುಳ್ಳ ಹೇಳೀನಿ. ಇವು ಹಿಂಗ ಆಗಿದ್ದು ನೋಡಿದ್ರ ನಗ್ತೀರಿ ಅಂತ.”

ಮುಬೀನಳಿಗೆ ಬೆರಗೇನೂ ಆಗಲಿಲ್ಲ. “ಗೊತ್ತೈತಿ. ಕೆಳಗ ನಿನ್ನ ಚಪ್ಪಲಿ ಅದಾವ.”

“ಮತ್ತ ಕರೀಲಿಲ್ಲ ಯಾಕ?”

“ನೀನ ಹೊರಗ ಬರ್ತಿ ಅಂತ ಅನಕೊಂಡಿದ್ದೆ.” ಮುಬೀನ ಸುಟ್ಟ ಎಲೆಯೊಂದನ್ನು ಬೆರಳಿನಿಂದ ಮುಟ್ಟಿದಳು. ನಗಲಿಲ್ಲ. “ಹೋದ ರವಿವಾರನೂ ಬಂದಿದ್ದೆ. ಗೇಟಿನ ಹತ್ರ ಭಾಳೊತ್ತ ನಿಂತಿದ್ದೆ. ಮ್ಯಾಲ ನೀ ಯಾರ ಜೋಡಿನೋ ಮಾತಾಡಾಕತ್ತಿದ್ದಿ. ಮನಿಗೆ ಮಂದಿ ಬಂದಾರ ಅಂತ ಹೊಳ್ಳಿ ಹೋದೆ.”

“ಯಾರೂ ಬಂದಿರಲಿಲ್ಲ. ಪಾಲಕ್ ಜೋಡಿ ಮಾತಾಡಾಕತ್ತಿದ್ದೆ.”

“ಹಂಗಾ?” ಎಂದಳು ಮುಬೀನ. “ಎಲ್ಲಾರ ಜೋಡಿ ಬಂದ್ರ ನನಗ ಮಾತ ಬರೂದಿಲ್ಲ. ಅದಕ್ಕ ಒಬ್ಬಾಕಿನ ಬಂದಿದ್ದೆ.”

ಮಹಾನಂದಾ ಕೆಳಗೆ ಓಡಿ ಹೋಗಿ ಚೂಡಾದ ಡಬ್ಬಿ ತಂದಳು. ಪುಡಿ ಮುಟ್ಟಿದ ಕೈ ಎಂದು ನೆನಪಾಗಿ ತೊಳೆದುಕೊಂಡಳು. ಇಬ್ಬರೂ ತಿಂದರು. ಅತ್ತಿ ಶೇಂಗಾ ಧಾರಾಳವಾಗಿ ಹಾಕಿದ್ದಳು. ಆಮೇಲೆ ಎರಡನೆಯ ಬಾಟಲಿಯನ್ನು ಮುಬೀನ ಅಲುಗಾಡಿಸಿದಳು. ಕೆಂಪು ಪುಡಿಯಿಂದ ನೀರು ತೆಳು ಚಹಾದಂತಾಯಿತು, ಬೆಳ್ಳಗಾಗಲಿಲ್ಲ.

ನೀರು ತುಂಬುವ ಮೊದಲು ಮಹಾನಂದಾ ಎದ್ದು ನಿಂತು ಸುತ್ತ ನೋಡಿದಳು. ಜೂನಿನಿಂದ ಅವಳು ಈ ಮಾಳಿಗೆಯಲ್ಲಿ ಕೂರುವುದು ಪಡುವಣದ ಗೋಡೆಯ ಹತ್ತಿರವೇ. ಟಿಕೋಟಾದ ರಸ್ತೆ ಆ ಕಡೆ, ಅಪ್ಪ ಬಂದರೆ ಆ ಕಡೆಯಿಂದ. ಪೆಟ್ಟಿಗೆಯನ್ನೂ ಅಲ್ಲೇ ಇಟ್ಟಿದ್ದಳು. ಹೋದ ರವಿವಾರ ಮುಬೀನ ನಿಂತಿದ್ದ ಗೇಟು ಇರುವುದು ಅದರ ಎದುರು ಕಡೆ. ಅತ್ತ ಅವಳು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

“ಮುಬೀನಾ, ಆ ತುದಿ ಹಿಡಿ. ಇದನ್ನ ಆ ಕಡೆ ಇಡೂಣು.”

“ಯಾಕ? ಅಲ್ಲಿ ಬಿಸಲ ಚಲೋ ಬೀಳ್ತೈತೇನ?”

“ಹೂಂ” ಎಂದಳು ಮಹಾನಂದಾ.

ಇಬ್ಬರೂ ಎರಡು ತುದಿ ಹಿಡಿದು, ಸಸಿಗಳು ಅಲುಗದಂತೆ ನಿಧಾನವಾಗಿ ನಡೆದು, ಪೆಟ್ಟಿಗೆಯನ್ನು ಗೇಟು ಕಾಣುವ ಕಡೆ ಇಟ್ಟರು.